ಹೆಸರಿಲ್ಲದ ಹಾಳೆ

ನಾಲ್ಕನೆಯ ಬಳೆ ಬೆರಳ ಗಿಣ್ಣಿನ ಹತ್ತಿರ ಸಿಕ್ಕಿಕೊಂಡಿತು. ಶೈಲಾ ನೀಲಮಳ ಕೈಗೆ ಇನ್ನಷ್ಟು ಸಾಬೂನಿನ ನೊರೆ ಹಚ್ಚಿ, ಐದೂ ಬೆರಳುಗಳನ್ನು ಒಟ್ಟು ಮಾಡಿ ಹಿಡಿದಳು. ಬದುಕಿದ್ದವರಾದರೆ ತಾವಾಗಿ ಕೈ ಸಡಿಲ ಬಿಡುತ್ತಾರೆ.

"ಒತ್ತಬ್ಯಾಡ್ರಿ ಅಕ್ಕೋರ, ಒಡದೀತು," ಎಂದಳು ನೀಲಮಳ ತಂಗಿ ಸೀಮಾ. ಜುಗೂಳದಿಂದ ಬೆಳಿಗ್ಗೆ ಆರಕ್ಕೇ ಬಂದಿದ್ದಳು. "ಮುತ್ತೈದಿ ಕೈಯಾಗ ಬಳಿ ಒಡೀಬಾರದು."

"ಸಣ್ಣ ನಂಬರ್ ತಂದಾರ," ಗೋಡೆಗೆ ಒರಗಿ ಕೂತಿದ್ದ ಅತ್ತೆ ಕಾಶಿಬಾಯಿ ಹೇಳಿದಳು. "ಎರಡ-ಆರು ತರ್ರಿ ಅಂತ ಹೇಳೀನಿ. ಈ ಮನ್ಯಾಗ ಮುದುಕಿ ಮಾತ ಯಾರ ಕೇಳ್ತಾರ?"

ಐದು ಮಂದಿ ಮುತ್ತೈದೆಯರು ಬೇಕಾಗಿತ್ತು. ಹೊತ್ತಿಗೆ ನಾಲ್ವರು ಸಿಕ್ಕಿದ್ದರು. ಅದಕ್ಕೇ ಜೈನರ ಮನೆಯವಳಲ್ಲದ ಶೈಲಾಳನ್ನೂ ಒಳಗೆ ಕರೆದಿದ್ದರು. ಹನ್ನೊಂದು ವರ್ಷ ಅವಳು ಹೈಸ್ಕೂಲಿನ ಸ್ಟಾಫ್ ರೂಮಿನಲ್ಲಿ ನೀಲಮಳ ಪಕ್ಕದ ಕುರ್ಚಿಯಲ್ಲಿ ಕೂತಿದ್ದಳು. ನೀಲಮ ಕನ್ನಡ, ಅವಳು ವಿಜ್ಞಾನ. ಮೊನ್ನೆ ಐದನೆಯ ಪೀರಿಯಡ್ಡಿನಲ್ಲಿ ನೀಲಮ ತಲೆ ಹಿಡಿದುಕೊಂಡು ಕೂತಳು. ಮಿರಜಿನ ಆಸ್ಪತ್ರೆಯಲ್ಲಿ ಎರಡು ರಾತ್ರಿ. ಇವತ್ತು ಬೆಳಗಾಗುವ ಹೊತ್ತಿಗೆ ಮುಗಿದಿತ್ತು.

"ಇಪ್ಪತ್ತೊಂಬತ್ತ ವರ್ಷದಾಗ ಒಂದ ಮಾತ ಎದರಾಡಿದಾಕಿ ಅಲ್ಲ," ಕಾಶಿಬಾಯಿ ಯಾರಿಗೆಂದಿಲ್ಲದೆ ಹೇಳಿದಳು. "ಇಕಿ ದನಿ ಹೆಂಗೈತಿ ಅಂತ ಕಾಂಪೌಂಡಿನ ಆಚಿ ಮಂದಿಗೆ ಗೊತ್ತಿಲ್ಲ."

"ಸಾಲ್ಯಾಗ ಮಾತಾಡಿ ದಣದ ಬರ್ತಿದ್ರು, ಮತ್ತ ಮನ್ಯಾಗೇನ ಮಾತಾಡ್ತಾರ್ರಿ," ಎಂದಳು ನೆರೆಮನೆಯವಳು. "ಮಾಸ್ತರ್ಕಿ ಮಾಡೋರೆಲ್ಲಾ ಹಂಗ. ನಮ್ಮ ಮೈದುನ ಮಾಸ್ತರ ಅದಾನ, ಮನಿಯೊಳಗ ನಾಯಿ ಬಂದ್ರೂ ಹಚಾ ಅನ್ನಂಗಿಲ್ಲ."

ಯಾರೋ ಕಿಸಕ್ಕೆಂದು ನಕ್ಕು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಸೀಮಾ ಅಕ್ಕನ ಹಸಿರು ಸೀರೆಯ ನೆರಿಗೆ ಸರಿಮಾಡಿದಳು.

ಶೈಲಾಳ ಫೋನು ಕುಂಯ್‌ಗುಟ್ಟಿತು. ಹೆಡ್ಮಾಸ್ತರ ವಿರುಪಾಕ್ಷಪ್ಪ.

"ಮೇಡಂ, ಶವದ ಗಾಡಿ ಹನ್ನೊಂದಕ್ಕ ಸಾಲಿ ಮುಂದ ಹತ್ತ ಮಿನಿಟ ನಿಂದ್ರತೈತಿ. ಅಕ್ಕೋರ ಯಜಮಾನ್ರು ಭೀಮಗೊಂಡ ಸಾಹುಕಾರ್ರೂ ಹೂಂ ಅಂದಾರ. ಅನುದಾನದ ಮೇಡಮ್ಮಾರೂ ಬೆಂಗಳೂರಿಂದ ಬಂದಾರ್ರಿ. ಅವರ ಭೇಟಿ ಇವತ್ತ ಇತ್ತಲ್ಲ, ತಪ್ಪಸಾಕ ಆಗಲಿಲ್ಲ. ಎರಡ ಮಾತ ಆಡಿ ಆ ಹಾಳಿ ಓದ್ತಾರಂತ."

"ಯಾವ ಹಾಳಿ ಸರ್?"

"ಅದರೀ, ಟೀವಿದು. ಗಂಡಾ ಮಗಾ ಕೇಳ್ಲಿ, ನೀಲಮ ಅಕ್ಕೋರ ಎಂಥಾ ಕೆಲಸ ಮಾಡ್ಯಾರಂತ."

ಫೋನು ಇಟ್ಟಾಗ ಬಳೆ ಮುಂಗೈಗೆ ಬಂದಿತ್ತು. ಅದು ಯಾವಾಗ ಜಾರಿತೋ ಅವಳಿಗೆ ತಿಳಿಯಲಿಲ್ಲ. ಕೈ ತೊಳೆದುಕೊಂಡು, ಸ್ಕೂಟಿಯ ಕೀಲಿ ಹುಡುಕಿಕೊಂಡು ಹೊರಬಿದ್ದಳು.

\*

ಹೋದ ವರ್ಷ ಜುಲೈಯಲ್ಲಿ ಬೆಂಗಳೂರಿನ ಆ ಅನುದಾನದ ಸಂಸ್ಥೆಯ ಪತ್ರ ಬಂದಿತ್ತು. ಮಕ್ಕಳ ಮಾತಿಗೆ ಕಿವಿಗೊಡುವ, ಮಕ್ಕಳ ಮನಸ್ಸಿನ ನೆಮ್ಮದಿ ನೋಡುವ ಶಾಲೆಗಳಿಗೆ ಅನುದಾನ. ಒಂದು ಕೋಣೆ, ಕೂರಲು ಚಾಪೆ, ವಾರಕ್ಕೊಮ್ಮೆ ಬಂದು ಮಕ್ಕಳೊಡನೆ ಮಾತನಾಡುವ ಆಪ್ತ ಸಲಹೆಗಾರ್ತಿ, ತಿಂಗಳಿಗೊಂದು ಮಕ್ಕಳದೇ ಸಭೆ. ಷರತ್ತು ಒಂದೇ. ಒಂದು ತರಗತಿಯ ಪ್ರತಿಯೊಬ್ಬ ವಿದ್ಯಾರ್ಥಿಯೂ ಮನೆಯಲ್ಲಿ, ಶಾಲೆಯಲ್ಲಿ ತನಗಿರುವ ಕಷ್ಟವನ್ನು ತನ್ನದೇ ಮಾತಿನಲ್ಲಿ ಒಂದು ಹಾಳೆಯಲ್ಲಿ ಬರೆಯಬೇಕು. ಹೆಸರು ಬರೆಯಬಾರದು. ಶಿಕ್ಷಕರು ತಿದ್ದಬಾರದು.

ಒಂಬತ್ತನೆಯ ತರಗತಿಯಲ್ಲಿ ನಲವತ್ತೊಂದು ಮಕ್ಕಳಿದ್ದರು. ಅರ್ಧದಷ್ಟು ಮಂದಿ ಮನೆಯಲ್ಲಿ ಮರಾಠಿ ಮಾತನಾಡುವವರು. ಹೇಗೆ ಶುರು ಮಾಡಬೇಕೆಂದು ತಿಳಿಯಲೆಂದು ನೀಲಮ ಬೋರ್ಡಿನ ಮೇಲೆ ಎರಡು ಸಾಲು ಬರೆದುಕೊಟ್ಟಳು: 'ನಮ್ಮ ಶಾಲೆ ನನಗೆ ಇಷ್ಟ. ಆದರೂ ನಾನು ಒಂದು ಮಾತು ಹೇಳಬೇಕಾಗಿದೆ, ಅದೇನೆಂದರೆ' ಎಂದು ಬರೆದು ಮುಂದೆ ಚುಕ್ಕೆಗಳನ್ನು ಇಟ್ಟಳು.

ಶನಿವಾರ ಮಧ್ಯಾಹ್ನ ಹಾಳೆಗಳು ಕೈಗೆ ಬಂದವು. ನಲವತ್ತೊಂದರಲ್ಲೂ ಅದೇ ಎರಡು ಸಾಲು. ಸಾಲಿನ ಕೊನೆಗೆ ಒಂಬತ್ತು ಚುಕ್ಕೆ. ಒಬ್ಬ ಹುಡುಗ ಮಾತ್ರ ಎಂಟು ಇಟ್ಟಿದ್ದ.

"ಅವರ ತಪ್ಪಲ್ರಿ," ಎಂದಿದ್ದಳು ನೀಲಮ. "ಬೋರ್ಡಿನ ಮ್ಯಾಲಿಂದು ನೋಡಿ ಬರಕೋರಿ ಅಂತ ಎಂಟ ವರ್ಷ ನಾವ ಕಲಿಸೇವಿ."

ಕಳಿಸಲು ಸೋಮವಾರ ಕೊನೆಯ ದಿನ. ವಿರುಪಾಕ್ಷಪ್ಪ ಹಾಳೆಗಳನ್ನು ತಿರುವಿ ನೋಡಿ, "ನೀವ ಏನರ ಮಾಡ್ರಿ ಅಕ್ಕೋರ. ನಾ ನೋಡಿಲ್ಲ, ನಂಗ ಗೊತ್ತಿಲ್ಲ," ಎಂದು ಹೊರಟುಹೋದ.

ಭಾನುವಾರ ಬೆಳಿಗ್ಗೆ ಇಬ್ಬರೂ ಸ್ಟಾಫ್ ರೂಮಿನಲ್ಲಿ ಕೂತರು. ಶೈಲಾ ಎಂಟು ಹಾಳೆ ಬರೆದಳು. ಪಾಯಖಾನೆಯ ಬಾಗಿಲಿಗೆ ಚಿಲಕವಿಲ್ಲ, ಸೈಕಲ್ಲಿನ ಚೈನು ಕಳಚುತ್ತದೆ, ಗಣಿತ ತಿಳಿಯುವುದಿಲ್ಲ. ಆಮೇಲೆ ಅವಳಿಗೆ ಏನೂ ಹೊಳೆಯಲಿಲ್ಲ. ನೀಲಮ ತಲೆಯೆತ್ತದೆ ಬರೆಯುತ್ತಿದ್ದಳು. ಹಾಳೆಗೊಂದು ಪೆನ್ನು ಬದಲಿಸುತ್ತಿದ್ದಳು, ಕೆಲವನ್ನು ಎಡಗೈಯಲ್ಲಿ ಬರೆದಳು. ಬಿಸಿಲು ಕಿಟಕಿಯಿಂದ ಮೇಜಿಗೆ, ಮೇಜಿನಿಂದ ನೆಲಕ್ಕೆ ಇಳಿಯುವವರೆಗೂ ಅವಳ ಕೈ ನಿಲ್ಲಲಿಲ್ಲ. ಹನ್ನೊಂದು ವರ್ಷದಲ್ಲಿ ಅವಳು ಅಷ್ಟು ಆಡಿದ್ದನ್ನು ಶೈಲಾ ಕೇಳಿರಲಿಲ್ಲ.

ಒಂದು ಹಾಳೆಯನ್ನು ಶೈಲಾ ಎತ್ತಿ ಓದಿದಳು.

'ನಮ್ಮ ಮನೆಯಲ್ಲಿ ನನ್ನನ್ನು ಯಾರೂ ಬಯ್ಯುವುದಿಲ್ಲ, ಹೊಡೆಯುವುದಿಲ್ಲ. ಹೊತ್ತು ಮುಳುಗುವ ಮೊದಲು ಎಲ್ಲರೂ ಕೂತು ಊಟ ಮಾಡುತ್ತೇವೆ. ನಾನು ಮಾತು ತೆಗೆದರೆ ಟೀವಿಯ ದನಿ ಹೆಚ್ಚಾಗುತ್ತದೆ. ಬೇಕೆಂದು ಮಾಡುವುದಿಲ್ಲ. ಕೇಳಿಸುವುದಿಲ್ಲವೆಂದು ಮಾಡುತ್ತಾರೆ. ಒಮ್ಮೆ ನಾನು ಮೂರು ದಿನ ಮಾತನಾಡದೆ ಇದ್ದು ನೋಡಿದೆ. ನಾಲ್ಕನೆಯ ದಿನ, ಪಲ್ಯಕ್ಕೆ ಉಪ್ಪು ಕಡಿಮೆಯಾಗಿದೆ ಎಂದರು. ಬೇರೆ ಏನೂ ಕಡಿಮೆಯಾದದ್ದು ಅವರಿಗೆ ಗೊತ್ತಾಗಿರಲಿಲ್ಲ.'

"ಇದು ಯಾರದ್ರಿ?" ಎಂದು ಶೈಲಾ ಕೇಳಿದಳು.

"ಒಬ್ಬಾಕಿದು," ಎಂದು ನೀಲಮ ಕೈಚಾಚಿ ಹಾಳೆಯನ್ನು ತೆಗೆದುಕೊಂಡು ಉಳಿದವುಗಳ ನಡುವೆ ಸೇರಿಸಿದಳು.

ಅನುದಾನ ಬಂತು. ಕೋಣೆಯಾಯಿತು. ಗುರುವಾರ ಗುರುವಾರ ಸಲಹೆಗಾರ್ತಿ ಬರತೊಡಗಿದಳು. ಮೊದಮೊದಲು ಮಕ್ಕಳು ಅವಳ ಮುಂದೆ ಕೈಕಟ್ಟಿ ನಿಲ್ಲುತ್ತಿದ್ದರು, ಬರಬರುತ್ತಾ ಚಾಪೆಯ ಮೇಲೆ ಕೂತರು. ಸಂಸ್ಥೆಯ ಸೌಂದರ್ಯಾ ಮೇಡಂ ಮಾತ್ರ ಆ ಟೀವಿಯ ಹಾಳೆಯನ್ನು ಮರೆಯಲಿಲ್ಲ. ಲ್ಯಾಮಿನೇಟ್ ಮಾಡಿಸಿ ಸಭೆ ಸಭೆಗೂ ಒಯ್ಯುತ್ತಿದ್ದಳು.

"ಅದೊಂದು ಊರಾಗ ಬರಬಾರದ್ರಿ," ಎಂದು ನೀಲಮ ಬಸ್‌ಸ್ಟ್ಯಾಂಡಿನಲ್ಲಿ ಹೇಳಿದ್ದಳು. "ನಮ್ಮ ಮನಿಯವರ ಕಿವಿಗೆ ಬೀಳಬಾರದು."

"ಬೈತಾರೇನ್ರಿ ಸಾಹುಕಾರ್ರು?"

"ಬೈಯಂಗಿಲ್ರಿ. ಛಲೋ ಮನಶ್ಯಾ ಅವರು. ಕೇಳಿದ್ರ ತಮ್ಮ ಮನೀದ ಅಂತ ಗೊತ್ತಾಗತೈತಿ, ನೊಂದಕೋತಾರ. ಈ ವಯಸ್ಸಿನ್ಯಾಗ ಅವರನ್ನ ನೋಯಿಸಿ ನಾ ಏನ ಗಳಸಲಿ?"

"ನಾ ನೋಡ್ಕೋತೀನ್ರಿ," ಎಂದಿದ್ದಳು ಶೈಲಾ. ನೋಡಿಕೊಳ್ಳುವುದೆಂದರೆ ಏನೆಂದು ಆಗ ಇಬ್ಬರೂ ಯೋಚಿಸಿರಲಿಲ್ಲ.

\*

ಹೆಡ್ಮಾಸ್ತರರ ಮೇಜಿನ ಮೇಲೆ ಹಾಳೆ ಹೊಳೆಯುತ್ತ ಬಿದ್ದಿತ್ತು. ಸೌಂದರ್ಯಾ ಹೊರಗೆ ನಳದ ಹತ್ತಿರ ಮುಖ ತೊಳೆಯುತ್ತಿದ್ದಳು. ಶೈಲಾ ಹಾಳೆಯನ್ನು ಹಾಜರಿ ಪುಸ್ತಕದ ಕೆಳಗೆ ಸರಿಸಿದಳು. ಸಾಲದೆನಿಸಿತು. ಎತ್ತಿ ಕಪಾಟಿನ ಹಿಂದೆ ಇಳಿಬಿಟ್ಟಳು. ಬೆಳಿಗ್ಗೆಯಿಂದ ಕೈಗಳು ಬೇರೆ ಯಾರವೋ ಆಗಿದ್ದವು.

"ಸರ್, ಓದೂದ ಬ್ಯಾಡ್ರಿ ಇವತ್ತ. ಮೌನ ಆಚರಸೋಣು, ಸಾಕು."

"ಹಂಗಂದ್ರ ಹೆಂಗ್ರಿ ಮೇಡಂ? ಎರಡನೇ ವರ್ಷದ ಮಂಜೂರಿ ಇನ್ನಾ ಬರೂದೈತಿ. ಅವರ ಮನಸ್ಸಿಗೆ ಬಂದದ್ದು ಮಾಡ್ಲಿ."

ಸೌಂದರ್ಯಾ ಕರವಸ್ತ್ರದಿಂದ ಮುಖ ಒರೆಸುತ್ತ ಒಳಗೆ ಬಂದಳು. ಮೂವತ್ತು ದಾಟಿರದ ಹೆಂಗಸು. ಕಣ್ಣುಗಳು ಕೆಂಪಾಗಿದ್ದವು.

"ಮೇಡಂ, ಆ ಹಾಳೆ ಬೇಡ," ಎಂದು ಶೈಲಾ ನೇರವಾಗಿ ಹೇಳಿದಳು. "ಮನೆಯವರು ದುಃಖದಲ್ಲಿದ್ದಾರೆ."

"ದುಃಖದಲ್ಲಿ ಇದ್ದಾರೆ ಅಂತಾನೇ ಓದಬೇಕು ಅನ್ನಿಸುತ್ತೆ," ಎಂದಳು ಸೌಂದರ್ಯಾ. "ಒಂದು ಮಗು ಇಷ್ಟನ್ನ ಧೈರ್ಯವಾಗಿ ಬರೀತು ಅಂದ್ರೆ ಅದಕ್ಕೆ ನೀಲಮ ಮೇಡಂ ಕಾರಣ. ಅವರ ಮನೆಯವರಿಗೆ ಅದು ಗೊತ್ತಾಗಬೇಡ್ವಾ?" ಮೇಜಿನ ಮೇಲೆ ಕಣ್ಣಾಡಿಸಿದಳು. "ಇಲ್ಲೇ ಇಟ್ಟಿದ್ದೆ... ಪರವಾಗಿಲ್ಲ, ಫೋನಲ್ಲಿದೆ."

ನಿಜ ಹೇಳಿಬಿಡಬಹುದಿತ್ತು. ಹೇಳಿದರೆ ಕೋಣೆಗೆ ಬೀಗ ಬೀಳುತ್ತದೆ, ನೀಲಮ ಸುಳ್ಳು ಬರೆದವಳಾಗುತ್ತಾಳೆ. ಹೇಳದಿದ್ದರೆ ಭೀಮಗೊಂಡನ ಕಿವಿಗೆ ಬೀಳುತ್ತದೆ. ಶೈಲಾ ಎರಡನ್ನೂ ತೂಗುತ್ತಿರುವಾಗಲೇ ಗಾಡಿ ಗೇಟಿನೊಳಗೆ ಬಂತು.

ಮಕ್ಕಳು ಸಾಲಾಗಿ ನಿಂತಿದ್ದರು. ಅಂದಿನ ಒಂಬತ್ತನೆಯವರು ಈಗ ಹತ್ತನೆಯವರಾಗಿ ಎಲ್ಲರಿಗಿಂತ ಮುಂದೆ ಇದ್ದರು. ಶವದ ಗಾಡಿಯ ಪಕ್ಕಕ್ಕೆ ದೊಡ್ಡ ಗಾಜಿನ ಕಿಟಕಿಗಳು. ಮೊದಲು ಮಗ ಸಮ್ಮೇದ ಇಳಿದ, ಹಿಂದೆ ಭೀಮಗೊಂಡ. ಬಿಳಿ ಟೋಪಿ, ಇಸ್ತ್ರಿಯಿಲ್ಲದ ಬಿಳಿ ಅಂಗಿ. ಕಬ್ಬಿನ ಗದ್ದೆಯಲ್ಲಿ ನಿಲ್ಲುವವರ ಹಾಗೆ ಕೈಗಳನ್ನು ಹಿಂದೆ ಕಟ್ಟಿಕೊಂಡು ನಿಂತ.

ವಿರುಪಾಕ್ಷಪ್ಪ ಸೇವಾವಧಿ ಹೇಳಿದ, ಸರಳ ಜೀವನ ಎಂದ, ತುಂಬಲಾರದ ನಷ್ಟ ಎಂದ. ಸೌಂದರ್ಯಾ ಫೋನು ತೆಗೆದು ಓದತೊಡಗಿದಳು.

ಶೈಲಾ ಭೀಮಗೊಂಡನ ಮುಖವನ್ನು ಮಾತ್ರ ನೋಡುತ್ತಿದ್ದಳು. ಹೊತ್ತು ಮುಳುಗುವ ಮೊದಲು ಊಟ. ಅವನು ತಲೆ ತಗ್ಗಿಸಿದ. ಟೀವಿ. ರೆಪ್ಪೆ ಅಲುಗಲಿಲ್ಲ. ಮೂರು ದಿನ. ಉಪ್ಪು. ಅವನು ಟೋಪಿ ತೆಗೆದು ಅದರಿಂದಲೇ ಕಣ್ಣು ಒರೆಸಿಕೊಂಡ. ಮುಗಿಯಿತು, ಎಂದುಕೊಂಡಳು ಶೈಲಾ. ಗೊತ್ತಾಯಿತು.

ಅವನು ಅವಳ ಹತ್ತಿರವೇ ಬಂದ.

"ಯಾವ ಮನಿ ಹುಡಿಗೀರಿ ಅಕ್ಕೋರ ಅದು?"

ಶೈಲಾ ಸೌಂದರ್ಯಾಳ ಕೈಯಲ್ಲಿದ್ದ ಫೋನಿನ ಕಡೆ ನೋಡಿದಳು.

"ಎಂಥಾ ಮಂದಿ ಇರ್ತಾರ ನೋಡ್ರಿ. ಮನ್ಯಾಗ ಕೂಸು ಮೂರ ದಿನ ಬಾಯಿ ಬಿಟ್ಟಿಲ್ಲ, ಒಬ್ಬರಿಗೂ ಖಬರಿಲ್ಲ. ಅವರಪ್ಪನ್ನ ಕರಸಿ ನಾಕ ಮಂದಿ ಮುಂದ ಕೇಳಬೇಕಿತ್ತ." ಅವನು ಗಾಡಿಯ ಕಡೆ ತಿರುಗಿದ. "ಇಂಥಾ ಕೂಸುಗಳ ಸಲುವಾಗಿ ದುಡದಾಳಲ್ರಿ ಇಕಿ. ಮನ್ಯಾಗ ಒಮ್ಮಿನೂ ಹೇಳ್ಲಿಲ್ಲ."

ಅವನ ಮುಖದಲ್ಲಿ ನಟನೆ ಇರಲಿಲ್ಲ. ಶೈಲಾ ಹುಡುಕಿದಳು, ಇರಲಿಲ್ಲ. ಕೊಟ್ಟ ಮಾತು ಉಳಿದಿತ್ತು. ಎದೆಯಲ್ಲಿ ಹಗುರವೂ ಆಗಲಿಲ್ಲ, ಭಾರವೂ ಆಗಲಿಲ್ಲ.

"ಆ ಹುಡುಗಿ ಇಲ್ಲಿದ್ದಾಳಾ?" ಸೌಂದರ್ಯಾ ಮಕ್ಕಳ ಕಡೆ ತಿರುಗಿದಳು. "ಇಷ್ಟ ಇದ್ರೆ ಮಾತ್ರ ಮುಂದೆ ಬರಲಿ. ಒತ್ತಾಯ ಇಲ್ಲ."

ಹತ್ತನೆಯವರು ಒಬ್ಬರ ಮುಖ ಒಬ್ಬರು ನೋಡಿದರು. ತಾನು ಎರಡು ಸಾಲು ಬರೆದು ಚುಕ್ಕೆ ಇಟ್ಟದ್ದು ಪ್ರತಿಯೊಬ್ಬರಿಗೂ ನೆನಪಿತ್ತು. ವಿರುಪಾಕ್ಷಪ್ಪ ತನ್ನ ಚಪ್ಪಲಿ ನೋಡಿಕೊಂಡ. ಆಗ ಎರಡನೆಯ ಸಾಲಿನಿಂದ ಕಾಜಲ ಹೊರಗೆ ಬಂದಳು. ವರ್ಷವಿಡೀ ಹಾಜರಿಗೆ 'ಎಸ್ ಟೀಚರ್' ಎನ್ನುವುದೂ ಎರಡನೆಯ ಸಲ ಕರೆದಾಗ ಮಾತ್ರ ಕೇಳಿಸುತ್ತಿದ್ದ ಹುಡುಗಿ.

ಶೈಲಾ ಅವಳ ತೋಳು ಹಿಡಿದು ಪಕ್ಕಕ್ಕೆ ಎಳೆದಳು. "ನೀ ಯಾಕ ಬಂದಿ? ಅದನ್ನ ನೀ ಬರದಿಲ್ಲ."

"ಇಲ್ರಿ ಟೀಚರ್," ಎಂದಳು ಕಾಜಲ ಮೆಲ್ಲಗೆ. "ನೀಲಮ ಟೀಚರ್ ನಂದ ಬರದಾರ್ರಿ. ಅವರಿಗೆ ಹೆಂಗ ಗೊತ್ತಾತು ಅಂತ ನಾ ಕೇಳಾಕ ಆಗಲೇ ಇಲ್ಲ."

ಶೈಲಾಳ ಕೈ ಸಡಿಲಾಯಿತು.

ಭೀಮಗೊಂಡ ಹುಡುಗಿಯ ಮುಂದೆ ಬಾಗಿ ನಿಂತ. "ನೀ ಏನವ್ವಾ? ಏನ ಹೆಸರ ನಿಂದು?"

"ಕಾಜಲ್ರಿ."

"ಹೆದರಬ್ಯಾಡ. ಏನಿದ್ರೂ ನನ್ನ ಮುಂದ ಹೇಳು. ನಿಮ್ಮಪ್ಪಗ ನಾ ಹೇಳ್ತೀನಿ."

ಕಾಜಲ ಒಮ್ಮೆ ಗಾಡಿಯ ಕಡೆ ನೋಡಿದಳು. "ನಮ್ಮನ್ಯಾಗ ಟೀವಿ ಇಲ್ರಿ ಅಜ್ಜಾ. ಮೊಬೈಲ ಐತ್ರಿ. ಅಪ್ಪಾ ಒಂದ ನೋಡ್ತಾನ್ರಿ, ಅವ್ವ ಒಂದ ನೋಡ್ತಾಳ್ರಿ. ನಾ ಸಾಲಿ ಬಿಡೂದಿಲ್ಲ ಅಂತ ಹೇಳೂದೈತ್ರಿ ನಂಗ. ದೀಪಾವಳಿ ಆದಮ್ಯಾಲ ನನ್ನ—"

"ಪಪ್ಪಾ," ಸಮ್ಮೇದ ಗಾಡಿಯ ಬಾಗಿಲು ಹಿಡಿದು ನಿಂತಿದ್ದ. "ಪಂಡಿತ್ರ ಫೋನ್ ಬಂತು. ನದೀ ಮ್ಯಾಲ ಎಲ್ಲಾ ತಯಾರಾಗಿ ಕಾಯಾಕತ್ತಾರ."

"ಬಂದೆ, ಬಂದೆ." ಭೀಮಗೊಂಡ ಹುಡುಗಿಯ ತಲೆಯ ಮೇಲೆ ಕೈಯಿಟ್ಟ. "ಹೇಳವ್ವಾ, ನಾ ಕೇಳಾಕತ್ತೀನಿ," ಎನ್ನುತ್ತಲೇ ಗಾಡಿ ಹತ್ತಿ ಹೆಂಡತಿಯ ಪಕ್ಕದಲ್ಲಿ ಕೂತ. ಸಮ್ಮೇದ ಬಾಗಿಲು ಎಳೆದುಕೊಂಡ.

ಮಕ್ಕಳ ಸಾಲುಗಳ ನಡುವೆ ಗಾಡಿ ನಡಿಗೆಯಷ್ಟೇ ನಿಧಾನವಾಗಿ ಹೊರಟಿತು. ಕಾಜಲ ನಿಲ್ಲಿಸಲಿಲ್ಲ. ಕಿಟಕಿಯ ಪಕ್ಕದಲ್ಲೇ ಹೆಜ್ಜೆ ಹಾಕುತ್ತ, ಒಮ್ಮೆ ಬೆರಳು ಮಡಚಿ ಏನನ್ನೋ ಎಣಿಸುತ್ತ, ಒಮ್ಮೆ ಕುತ್ತಿಗೆ ಎತ್ತಿ ಗಾಜಿಗೆ ಇನ್ನಷ್ಟು ಹತ್ತಿರವಾಗುತ್ತ, ಹೇಳುತ್ತಲೇ ಹೋದಳು. ಸಾಲಿನ ಕೊನೆಯಲ್ಲಿ ನಿಂತಿದ್ದ ಶೈಲಾಳಿಗೆ ಇಂಜಿನ್ನಿನ ಸದ್ದಿನಲ್ಲಿ ಒಂದು ಶಬ್ದವೂ ಕೇಳಿಸಲಿಲ್ಲ. ಮುಚ್ಚಿದ ಗಾಜಿನ ಆಚೆ ಭೀಮಗೊಂಡ ಹುಡುಗಿಯ ಕಡೆಗೇ ಮುಖ ತಿರುಗಿಸಿ ಕೂತು, ಅವಳ ತುಟಿಗಳನ್ನು ನೋಡುತ್ತ, ಒಂದೊಂದು ಮಾತಿಗೂ ತಲೆಯಾಡಿಸುತ್ತಿದ್ದ.