ಹದಿನೇಳು ಅರ್ಜಿ, ಒಂದೇ ವಾಕ್ಯ

"ಇದನ್ನ ಕೇಳು," ಎಂದು ಲೊರೇನ್ ಆರನೆಯ ಅರ್ಜಿಯನ್ನು ಬೆಳಕಿಗೆ ಹಿಡಿದು ಓದಿದಳು. "'ಲೆಕ್ಕ ಮುಗಿಸಿ ಸುಮ್ಮನೆ ಕೂತ ಮಗು ಕಲಿಯುವುದು ಗಣಿತವನ್ನಲ್ಲ, ಕಾಯುವುದನ್ನು.' ಚೆನ್ನಾಗಿದೆ, ಅಲ್ವಾ? ಐದನೆಯದರಲ್ಲೂ ಇದೇ ಇತ್ತು. ನಾಲ್ಕನೆಯದರಲ್ಲೂ ಇತ್ತು."

ಸ್ಟೇಪ್ಲರ್ ಪಿನ್ನು ಕೀಳುತ್ತಿದ್ದ ದ್ರಾಕ್ಷಾಯಣಿಯ ಕೈ ನಿಂತಿತು. ಮೇಜಿನ ಮೇಲೆ ಉಳಿದಿದ್ದ ಹನ್ನೊಂದು ಅರ್ಜಿಗಳನ್ನು ಅವಳು ಸರಸರನೆ ತಿರುವಿದಳು. ಎಲ್ಲದರಲ್ಲೂ ಅದೇ ವಾಕ್ಯ. ಒಂದರಲ್ಲಿ ಮಾತ್ರ 'ಮಗು' ಹೋಗಿ 'ಪ್ರತಿಭಾವಂತ ಮಗು' ಆಗಿತ್ತು.

"ಈ ಹುಡುಗಿಯ ಹೆಸರು ಸಿಂಧೂರ," ಎಂದು ಲೊರೇನ್ ಇನ್ನೊಂದನ್ನು ಎತ್ತಿಕೊಂಡಳು. "ಎರಡನೆಯ ಪ್ಯಾರಾದಲ್ಲಿ ಇವಳು 'ನನ್ನ ಮಗ ಫರ್ದೀನ್' ಆಗಿದ್ದಾಳೆ. ಹೆಸರು ಬದಲಾಯಿಸೋಕೂ ಪುರುಸೊತ್ತಿಲ್ಲ ಈ ಜನಕ್ಕೆ."

2005ರ ಮೇ ತಿಂಗಳ ಬುಧವಾರ. ಸ್ಯಾನ್ ಡಿಯೇಗೋದ ಆ ಮಿಡಲ್ ಸ್ಕೂಲಿನಲ್ಲಿ ದ್ರಾಕ್ಷಾಯಣಿ ಹನ್ನೆರಡು ವರ್ಷದಿಂದ ಗಣಿತ ಟೀಚರು. ಲೊರೇನ್ ಅಲ್ಲಿ ಮಕ್ಕಳಿಗೆ ಮಾರ್ಗದರ್ಶನ ಮಾಡುವ ಕೌನ್ಸೆಲರ್, ಇಪ್ಪತ್ತೆರಡು ವರ್ಷದಿಂದ. ಟೊರ್ರಿ ಪೈನ್ಸಿನ ಲ್ಯಾಬುಗಳಲ್ಲಿ ಕೆಲಸ ಮಾಡುವವರ ಮಕ್ಕಳು ಈ ಶಾಲೆಗೆ ಕಾರಿನಲ್ಲಿ ಬರುತ್ತಾರೆ. ಊರಿನ ಆಗ್ನೇಯ ಮೂಲೆಯಿಂದ ಕಪ್ಪು ಮಕ್ಕಳು, ಮೆಕ್ಸಿಕನ್ ಮನೆಗಳ ಮಕ್ಕಳು ಐವತ್ತು ನಿಮಿಷ ಹಳದಿ ಬಸ್ಸಿನಲ್ಲಿ ಕೂತು ಬರುತ್ತಾರೆ. ಗೇಟು ಒಂದೇ. ಒಳಗೆ ಬಂದ ಮೇಲೆ ಕಾರಿನವರು ಒಂದು ಕ್ಲಾಸಿಗೆ ಹೋಗುತ್ತಾರೆ, ಬಸ್ಸಿನವರು ಇನ್ನೊಂದಕ್ಕೆ. ಎಂಟನೆಯ ತರಗತಿಯ ಆಲ್ಜಿಬ್ರಾ ಸಿಕ್ಕಿದವರಿಗೆ ಹೈಸ್ಕೂಲಿನ ದೊಡ್ಡ ಗಣಿತವೆಲ್ಲ ಸಿಗುತ್ತದೆ, ಸಿಗದವರಿಗೆ ಮುಂದೆ ಯಾವುದೂ ಸಿಗುವುದಿಲ್ಲ. ಆ ಕ್ಲಾಸಿಗೆ ಟೀಚರ ಶಿಫಾರಸು ಬೇಡ, ಪರೀಕ್ಷೆಯ ಮಾರ್ಕ್ಸ್ ಒಂದೇ ಸಾಕು ಎಂದು ಒಪ್ಪಿಸಲು ಇವರಿಬ್ಬರ ಸಮಾನತೆ ಕಮಿಟಿಗೆ ನಾಲ್ಕು ವರ್ಷ ಹಿಡಿದಿತ್ತು. ನಾಲ್ಕು ವರ್ಷದ ಮೀಟಿಂಗುಗಳು, ನಾಲ್ಕು ವರ್ಷದ ತಣ್ಣಗಿನ ಕಾಫಿ. ಕೊನೆಗೆ ಪ್ರಿನ್ಸಿಪಾಲ್ ಹೂಂ ಎಂದ. ಎಂದವನು ಬಾಲಕ್ಕೆ ಒಂದು ಫಾರಂ ಕಟ್ಟಿದ. ಸೀಟು ಸಿಕ್ಕಿದ ಮಗುವಿನ ಮನೆಯವರು ಅದಕ್ಕೆ ಸಹಿ ಹಾಕಿ ಕಳಿಸಬೇಕು, ಕಳಿಸದಿದ್ದರೆ ಆ ಸೀಟು ಮಾರ್ಕ್ಸ್ ಸಾಲದೆ ಅರ್ಜಿ ಹಾಕಿದವರಿಗೆ ಹೋಗುತ್ತದೆ. ಸುಮ್ಮನೆ ಒಂದು ಪದ್ಧತಿ ಅಷ್ಟೆ ಎಂದಿದ್ದ.

ಅರವತ್ತು ಸೀಟು. ಹನ್ನೊಂದು ಫಾರಂ ವಾಪಸು ಬಂದಿರಲಿಲ್ಲ. ಹನ್ನೊಂದೂ ಬಸ್ಸಿನ ಮಕ್ಕಳದ್ದು. ಅವುಗಳಿಗಾಗಿ ಹದಿನೇಳು ಅರ್ಜಿ ಬಂದಿದ್ದವು. ಶುಕ್ರವಾರ ಬೆಳಿಗ್ಗೆ ಒಂಬತ್ತಕ್ಕೆ ಪಟ್ಟಿ ಮುಗಿಯುತ್ತದೆ.

"ಆ ವಾಕ್ಯ ನಂದು," ಎಂದಳು ದ್ರಾಕ್ಷಾಯಣಿ.

ಲೊರೇನ್ ತಲೆ ಎತ್ತಲಿಲ್ಲ. "ನಿಂದು ಅಂದ್ರೆ?"

"ನಾನೇ ಬರೆದದ್ದು. ಒಬ್ಬ ಹುಡುಗನಿಗೆ. ಅವನಿಗೆ ನಿಜವಾಗ್ಲೂ ಬೇಜಾರಾಗ್ತಿತ್ತು."

"ಯಾವಾಗ?"

"ನಾಲ್ಕು ವರ್ಷ ಆಯ್ತು."

"ಕಮಿಟಿ ಶುರು ಮಾಡೋ ಮೊದಲೋ, ಆಮೇಲೋ?"

ಸುಳ್ಳು ಹೇಳಬಹುದಿತ್ತು. "ಆಮೇಲೆ," ಎಂದಳು. "ಲಾಸ್ ಏಂಜಲೀಸ್‌ನಲ್ಲಿ ಮೂರು ದಿನ ಕಮಿಟಿಯ ಟ್ರೇನಿಂಗ್ ಮುಗಿಸಿ ಬಂದ್ವಲ್ಲ, ಅದೇ ವಾರ."

ಆ ವಾರ ಜುಲ್ಫಿಕರ್ ಅವಳ ಅಡುಗೆಮನೆಯ ಮೇಜಿಗೆ ಬಂದು ಕೂತಿದ್ದ. ಮೈಸೂರಿನವನು, ಟೊರ್ರಿ ಪೈನ್ಸಿನ ಲ್ಯಾಬಿನಲ್ಲಿ ಕೆಲಸ, ಕನ್ನಡ ಕೂಟದಲ್ಲಿ ಕುರ್ಚಿ ಜೋಡಿಸುವುದರಿಂದ ಹಿಡಿದು ಲೆಕ್ಕಪತ್ರದವರೆಗೆ ಎಲ್ಲದಕ್ಕೂ ಮುಂದೆ ಇರುವವನು. ಮಗ ಫರ್ದೀನನಿಗೆ ಆಲ್ಜಿಬ್ರಾ ಕ್ಲಾಸಿಗೆ ಒಂದು ಅರ್ಜಿ ಬೇಕಿತ್ತು. ಬಾದಾಮಿ ತಾಲ್ಲೂಕಿನ ಹಳ್ಳಿಯ ಶಾಲೆಯಲ್ಲಿ ಐದನೆಯ ಇಯತ್ತೆಗೆ ಎ ಬಿ ಸಿ ಡಿ ಕಲಿತ ದ್ರಾಕ್ಷಾಯಣಿಗೆ, ಅಂಥ ಇಂಗ್ಲಿಷ್ ವಾಕ್ಯವೊಂದು ತನ್ನ ಕೈಯಿಂದ ಬಂದದ್ದಕ್ಕೆ ಎರಡು ದಿನ ಖುಷಿಯಾಗಿತ್ತು. ಜುಲ್ಫಿಕರ್ ಅದನ್ನು 'ಎಲ್ಲರಿಗೂ ಉಪಯೋಗವಾಗಲಿ' ಎಂದು ಕೂಟದ ಇಮೇಲ್ ಗ್ರೂಪಿಗೆ ಹಾಕಿದ. ಒಬ್ಬರಿಗೆ ವೀಸಾದ ಪತ್ರ ಸರಿಯಾಗಿ ಬಂದರೂ ನೂರು ಜನರಿಗೆ ಕಳಿಸುವ ಜನ. ಅದು ಲಾಸ್ ಏಂಜಲೀಸಿನ ಕಡೆಯ ವುಡ್‌ಲ್ಯಾಂಡ್ ಹಿಲ್ಸ್‌ಗೆ ಹೋಗಿ, ಅಲ್ಲಿ ಯಾರೋ ಒಂದು ಪ್ಯಾರಾ ಸೇರಿಸಿ, ಆಫೀಸಿನ ಚೀನೀಯರ ಕೈಗೆ, ಬಿಳಿಯರ ಕೈಗೆ ದಾಟಿ, ಈಗ ಹದಿನೇಳಾಗಿ ಅವಳ ಮೇಜಿಗೇ ಬಂದಿತ್ತು.

ಲೊರೇನ್ ಅರ್ಜಿಗಳನ್ನು ಕುಟ್ಟಿ ಅಂಚು ಸರಿ ಮಾಡಿದಳು. "ಆ ಹೋಟೆಲಿನ ಚಿಕನ್ ನೆನಪಿದೆ ನನಗೆ," ಎಂದಳು. "ರಟ್ಟಿನ ಥರ ಇತ್ತು. ಮೂರು ದಿನ ನಾನು ಅದನ್ನ ತಿಂದೆ. ವಾಪಸ್ ಬಂದು ನೀನು ಮಾಡಿದ್ದು ಇದು." ಹನ್ನೊಂದು ಹೆಸರುಗಳ ಹಾಳೆಯನ್ನು ಎರಡಾಗಿ ಹರಿದಳು. "ಆರು ಮನೆ ನನಗೆ, ಐದು ನಿನಗೆ. ಹೋಗಿ ಸಹಿ ಹಾಕಿಸ್ಕೊಂಡು ಬಾ."

ಗುರುವಾರ ಮಧ್ಯಾಹ್ನ ಶಾಲೆ ಬಿಡುವ ಹೊತ್ತಿಗೆ ಲೊರೇನ್ ಐದು ಸಹಿ ಮುಗಿಸಿದ್ದಳು. ದ್ರಾಕ್ಷಾಯಣಿ ನಾಲ್ಕು ಮುಗಿಸಿದ್ದಳು. ಒಬ್ಬ ತಾಯಿ ಹೋಟೆಲ್ ಅಡುಗೆಮನೆಯ ಹಿಂಬಾಗಿಲಲ್ಲಿ ಒದ್ದೆ ಕೈಯಲ್ಲೇ ಸಹಿ ಹಾಕಿದ್ದಳು. ಒಂದು ಮನೆಯವರು ವಿಳಾಸ ಬದಲಾಯಿಸಿದ್ದರು, ಲೊರೇನ್ ಹುಡುಕುತ್ತಿದ್ದಳು. ದ್ರಾಕ್ಷಾಯಣಿಗೆ ಕಿಯಾನಾಳ ಮನೆ ಉಳಿದಿತ್ತು. ಕಿಯಾನಾ ಅವಳದೇ ಕ್ಲಾಸಿನ ಹುಡುಗಿ. ಪರೀಕ್ಷೆಯಲ್ಲಿ ತೊಂಬತ್ತಾರು, ಇಡೀ ಶಾಲೆಗೆ ಎರಡನೆಯವಳು. ಮನೆಯ ಫೋನು ಯಾರೂ ಎತ್ತುತ್ತಿರಲಿಲ್ಲ.

ಕಾರಿನತ್ತ ಹೊರಟವಳನ್ನು ಜುಲ್ಫಿಕರ್ ತಡೆದ. ಮಕ್ಕಳನ್ನು ಹತ್ತಿಸಿಕೊಳ್ಳುವ ಸಾಲಿನಲ್ಲಿ ಅವನ ವ್ಯಾನು ನಿಂತಿತ್ತು. ಒಳಗೆ ಮಗಳು ನಿದಾ ಕಿವಿಗೆ ವೈರು ಸಿಕ್ಕಿಸಿಕೊಂಡು ಕೂತಿದ್ದಳು.

"ಮೇಡಂ, ಒಂದ್ನಿಮಿಷ. ನಿದಾದು ಏನಾಯ್ತು? ಲೆಟರ್ ಸಬ್ಮಿಟ್ ಮಾಡಿದೀವಿ."

"ಓದೀನಿ. ನಾ ಬರದ ಪತ್ರ ನನಗ ತಿರುಗಿ ಬಂತು."

ಅವನು ನಕ್ಕ. "ಅದಕ್ಕಿಂತ ಚೆನ್ನಾಗಿ ಯಾರ್ ಬರೀತಾರೆ ಹೇಳಿ. ಸುಮ್ನೆ ಒಂದು ಹೊಸ ಲೆಟರ್ ಬರೆದು ನಿಮ್ ಇಂಗ್ಲಿಷ್‌ಗೆ ಅವಮಾನ ಮಾಡೋದ್ಯಾಕೆ ಅಂತ."

"ನಗಬ್ಯಾಡ್ರಿ. ಎಪ್ಪತ್ತೆರಡು ಬಂದವ್ರಿಗೆ ಸೀಟು. ನಿದಾಗ ಅರವತ್ತೊಂದು ಬಂದಾವ. ಆಕಿಗೆ ಬ್ಯಾಸರ ಆಗಿಲ್ಲ ಸಾಹೇಬ್ರ, ಆಕಿಗೆ ಇನ್ನೂ ಭಿನ್ನರಾಶಿ ಸರಿಯಾಗಿ ಬರಂಗಿಲ್ಲ. ಅರ್ಜಿ ಹಿಂದಕ್ಕ ತಗೋರಿ. ನೀವು ತಗೊಂಡ್ರ ಉಳಿದ ನಮ್ಮ ಮಂದಿಗೆ ನಾನೇ ಫೋನ್ ಮಾಡ್ತೀನಿ."

"ಹನ್ನೊಂದು ಸೀಟ್ ಖಾಲಿ ಇದೆಯಂತಲ್ಲ ಮೇಡಂ. ಆ ಪೇರೆಂಟ್ಸು ಫಾರಂ ಕೂಡ ಕೊಟ್ಟಿಲ್ವಂತೆ."

"ಖಾಲಿ ಎಲ್ಲಿ ಅದಾವ? ಒಂದೊಂದಕ್ಕೂ ಒಂದು ಹೆಸರದ. ಆ ಹುಡುಗರು ಪರೀಕ್ಷಾ ಬರದು ಗಳಿಸ್ಯಾರ."

ಜುಲ್ಫಿಕರನ ನಗು ಹೋಯಿತು. ಅವನು ವ್ಯಾನಿನಿಂದ ನಾಲ್ಕು ಹೆಜ್ಜೆ ದೂರ ಬಂದು ದನಿ ತಗ್ಗಿಸಿದ. "ನಾವೇನ್ ಇಲ್ಲಿ ರಾಜರಾ ಮೇಡಂ? ಏರ್‌ಪೋರ್ಟಲ್ಲಿ ನನ್ ಹೆಸರು ನೋಡಿದ್ರೆ ಸಾಕು, ಪಕ್ಕಕ್ಕೆ ಕರೀತಾರೆ. ಟವರ್ ಬಿದ್ದ ವರ್ಷ ಫರ್ದೀನ್‌ಗೆ ಕ್ಲಾಸಲ್ಲಿ ಏನೇನಂದ್ರು ಅಂತ ನಿಮ್ಗೇ ಗೊತ್ತು. ನಮ್ ಮಕ್ಳು ಬೇರೆಯವ್ರಿಗಿಂತ ಎರಡರಷ್ಟು ಮುಂದೆ ಇದ್ರೇನೆ ಇಲ್ಲಿ ಉಳಿಯೋದು."

ಅವಳಿಗೆ ಗೊತ್ತಿತ್ತು. ಆಗ ಪ್ರಿನ್ಸಿಪಾಲನ ಕೋಣೆಯಲ್ಲಿ ಫರ್ದೀನನ ಪಕ್ಕ ಕೂತು ಜಗಳವಾಡಿದವಳು ಅವಳೇ.

"ಅದು ಖರೆ," ಎಂದಳು. "ಆದ್ರ ನಿಮಗ ಹೊಡದವ್ರು ಬ್ಯಾರೆ. ನೀವು ಸೀಟು ಕಸಗೊಳ್ಳಾಕ ಹೊಂಟಿದ್ದು ಬ್ಯಾರೆಯವ್ರದು."

"ಫರ್ದೀನ್‌ಗೆ ನೀವೇ ಬರ್ಕೊಟ್ರಿ. ನಿದಾಗೆ ಬೇಡ ಅಂತೀರಾ?"

"ಅವಾಗ ಬರದು ತಪ್ಪು ಮಾಡೀನಿ."

ನಿದಾ ಕಿಟಕಿಯ ಗಾಜು ಇಳಿಸಿದಳು. "ಅಬ್ಬಾ, ಕ್ಯಾನ್ ವೀ ಗೋ? ಐ ಡೋಂಟ್ ಈವನ್ ವಾಂಟ್ ಇಟ್."

ಜುಲ್ಫಿಕರ್ ಉರ್ದುವಿನಲ್ಲಿ ಗದರಿದ. ಗಾಜು ಮೇಲೇರಿತು. ಹಿಂದಿನ ಕಾರಿನವಳು ಹಾರ್ನ್ ಒತ್ತಿದಳು.

"ಯೋಚನೆ ಮಾಡ್ತೀನಿ ಮೇಡಂ," ಎಂದು ಅವನು ಕೀಲಿಕೈ ತಿರುಗಿಸುತ್ತ ಹೊರಟ. ಯೋಚನೆ ಮಾಡ್ತೀನಿ ಎಂದರೆ ಮಾಡುವುದಿಲ್ಲ ಎಂದೇ ಅರ್ಥ. "ಶನಿವಾರ ಮುನವ್ವರ್ ಬಿರಿಯಾನಿ ಮಾಡ್ತಾಳೆ. ನಿಮ್ಗೆ ತರಕಾರಿದು ಬೇರೆ ಪಾತ್ರೇಲಿ. ಸರ್‌ನೂ ಕರ್ಕೊಂಡ್ ಬನ್ನಿ, ತಪ್ಪಿಸ್ಬೇಡಿ."

ಅದೇ ಅವಳಿಗೆ ಹೆಚ್ಚು ಸಿಟ್ಟು ತರಿಸಿದ್ದು. ಬೈದಿದ್ದರೆ ವಾಸಿಯಿತ್ತು. ಇವನ ಮೇಲೆ ಸಿಟ್ಟು ಹಿಡಿದುಕೊಂಡು ಕೂರುವುದೂ ಸಾಧ್ಯವಿಲ್ಲ. ಅವಳ ಗಂಡನಿಗೆ ಆಪರೇಷನ್ ಆದಾಗ ಹದಿನೈದು ದಿನ ಊಟ ತಂದವರು ಇವನು ಮತ್ತು ಇವನ ಹೆಂಡತಿ ಮುನವ್ವರ್.

ಫ್ರೀವೇಯಲ್ಲಿ ಮುಕ್ಕಾಲು ಗಂಟೆ. ದಾರಿಯುದ್ದಕ್ಕೂ ಅವಳು ಹೇಳಬೇಕಾದ್ದನ್ನು ಬಾಯಲ್ಲಿ ಜೋಡಿಸಿಕೊಂಡಳು. ಆಲ್ಜಿಬ್ರಾ ಎಂದರೇನು, ಫಾರಂ ಎಂದರೇನು, ಎಲ್ಲಿ ಸಹಿ ಮಾಡಬೇಕು, ಎಲ್ಲವೂ ಸಣ್ಣ ಸಣ್ಣ ವಾಕ್ಯಗಳಲ್ಲಿ. ಅರ್ಥವಾಗದಿದ್ದರೆ ಮತ್ತೆ ಹೇಳಲು ಬೇರೊಂದು ರೀತಿ.

ಎರಡನೆಯ ಮಹಡಿಯ ಬಾಗಿಲು ತೆರೆದದ್ದು ಕಿಯಾನಾಳ ಅಜ್ಜಿ ಮಿಸೆಸ್ ರೋಲಿನ್ಸ್. ನರ್ಸಿಂಗ್ ಹೋಮಿನ ನೀಲಿ ಸಮವಸ್ತ್ರದಲ್ಲೇ ಇದ್ದಳು, ಈಗಷ್ಟೇ ಬೂಟು ಬಿಚ್ಚಿದ್ದಳು. ದ್ರಾಕ್ಷಾಯಣಿ ತನ್ನ ಮೊದಲ ಸಣ್ಣ ವಾಕ್ಯ ಮುಗಿಸುವಷ್ಟರಲ್ಲಿ ಅವಳು ಕೈ ಎತ್ತಿ ತಡೆದು ಫ್ರಿಜ್ಜಿನತ್ತ ತೋರಿಸಿದಳು. ಫಾರಂ ಅಲ್ಲಿತ್ತು, ಮೂಲೆ ಮಡಚದೆ, ಎರಡು ಮ್ಯಾಗ್ನೆಟ್ಟಿನ ಕೆಳಗೆ.

"ಬಂದ ದಿನವೇ ಓದಿದೆ," ಎಂದಳು. "ಎರಡು ಸಲ."

"ಮತ್ತೆ ಸಹಿ?"

ಮಿಸೆಸ್ ರೋಲಿನ್ಸ್ ಫಾರಂ ತೆಗೆದು ಮೇಜಿನ ಮೇಲಿಟ್ಟು ಒಂದು ಸಾಲಿನ ಕೆಳಗೆ ಬೆರಳಿಟ್ಟಳು. "ಇದನ್ನ ಜೋರಾಗಿ ಓದು."

ದ್ರಾಕ್ಷಾಯಣಿ ಓದಿದಳು. "'ನನ್ನ ಮಗುವನ್ನು ಈ ತರಗತಿಗೆ ಪರಿಗಣಿಸಬೇಕೆಂದು ವಿನಂತಿಸುತ್ತೇನೆ.'"

"ಕಿಯಾನಾಗೆ ಎಷ್ಟು ಬಂತು?"

"ತೊಂಬತ್ತಾರು."

"ಎಷ್ಟು ಬೇಕಿತ್ತು?"

"ಎಪ್ಪತ್ತೆರಡು."

"ಹಾಗಾದ್ರೆ ನಾನು ಯಾಕೆ ವಿನಂತಿ ಮಾಡ್ಬೇಕು? ನನ್ನ ಮಗಳಿಗೂ ಹೀಗೇ ಕಾಗದ ಬರ್ತಿತ್ತು. ಆಗ ಎಲ್ಲದಕ್ಕೂ ಸಹಿ ಹಾಕಿದೆ, ಎಲ್ಲದಕ್ಕೂ ಥ್ಯಾಂಕ್ಸ್ ಹೇಳಿದೆ. ಏನು ಸಿಕ್ತು?"

ದ್ರಾಕ್ಷಾಯಣಿ ಕಾರಿನಲ್ಲಿ ಜೋಡಿಸಿಕೊಂಡು ಬಂದ ಮಾತೆಲ್ಲ ಓದಲು ಬಾರದವರಿಗೆ ಹೇಳುವಂಥವು. ನಾಲ್ಕು ವರ್ಷ ಕಮಿಟಿಯಲ್ಲಿ ಕೂತು, ಹನ್ನೊಂದು ಮನೆಯವರು ಫಾರಂ ನೋಡಿಯೇ ಇಲ್ಲ ಎಂದುಕೊಂಡಿದ್ದಳು. ಪ್ರಿನ್ಸಿಪಾಲ್ ಅಂದುಕೊಂಡದ್ದೂ ಅದನ್ನೇ, ಜುಲ್ಫಿಕರ್ ಅಂದುಕೊಂಡದ್ದೂ ಅದನ್ನೇ.

"ಗ್ರ್ಯಾಂಡ್ಮಾ, ಪ್ಲೀಸ್," ಎಂದಳು ಬಾಗಿಲಲ್ಲಿ ನಿಂತಿದ್ದ ಕಿಯಾನಾ. "ಸಹಿ ಹಾಕು. ನನಗೆ ಆ ಕ್ಲಾಸ್ ಬೇಕು."

"ನಿನಗೆ ಬೇಕು ಅಂತ ಗೊತ್ತು, ಕೂಸೇ. ನೀನು ಮಾಡೋದೆಲ್ಲ ಮಾಡಿದ್ದೀಯ, ಹೋಗಿ ಕೂತ್ಕೋ."

ಮಿಸೆಸ್ ರೋಲಿನ್ಸ್ ಡ್ರಾಯರಿನಿಂದ ಪೆನ್ನು ತೆಗೆದು, ಆ ಸಾಲಿನ ಮೇಲೆ ಸ್ಕೇಲಿಟ್ಟಂತೆ ನೇರವಾದ ಗೆರೆ ಎಳೆದಳು. ಮೇಲೆ ಬರೆದಳು: 'ಈ ಸೀಟು ಇವಳದು.' ಕೆಳಗೆ ತನ್ನ ಪೂರ್ತಿ ಹೆಸರು ಬರೆದು ಸಹಿ ಹಾಕಿದಳು.

"ತಿದ್ದಿದ ಫಾರಂ ತಗೊಳ್ಳಲ್ಲ ಅಂತ ಅಡಿಯಲ್ಲಿ ಅಚ್ಚಾಗಿದೆ," ಎಂದಳು ದ್ರಾಕ್ಷಾಯಣಿ. "ನನ್ನ ಹತ್ರ ಇನ್ನೊಂದು ಪ್ರತಿ ಇದೆ. ಕೊಡ್ಲಾ?"

"ಬೇಡ. ತಗೊಳ್ಳಲ್ಲ ಅನ್ನೋರು ಯಾರು?"

"ಪ್ರಿನ್ಸಿಪಾಲ್."

"ನೀನು ಕೊಟ್ರೆ ನಿನಗೆ ವಾಪಸ್ ಕೊಡ್ತಾನೆ. ನಾನು ಕೊಟ್ರೆ ನನ್ನ ಮುಖ ನೋಡಿ ಹೇಳ್ಬೇಕಾಗತ್ತೆ. ಬೆಳಿಗ್ಗೆ ಎಷ್ಟೊತ್ತಿಗೆ ಬರ್ತಾನೆ?"

"ಎಂಟಕ್ಕೆ."

"ನಾನೇ ತರ್ತೀನಿ," ಎಂದು ಅವಳು ಫಾರಂ ಅನ್ನು ಮತ್ತೆ ಫ್ರಿಜ್ಜಿಗೆ ಅಂಟಿಸಿದಳು.

ಮನೆಗೆ ಹೋದ ದ್ರಾಕ್ಷಾಯಣಿ ಊಟಕ್ಕೂ ಕೂರದೆ ಒಂದು ಪುಟ ಟೈಪ್ ಮಾಡಿದಳು. ಹದಿನೇಳು ಅರ್ಜಿಗಳಲ್ಲಿರುವ ವಾಕ್ಯ ನನ್ನದು, ನಾನು ಕಮಿಟಿಯಲ್ಲಿದ್ದೂ ಅದನ್ನು ಬರೆದುಕೊಟ್ಟೆ, ಅದನ್ನು ಆ ಮಕ್ಕಳ ಬಗ್ಗೆ ಸಾಕ್ಷಿಯೆಂದು ತೆಗೆದುಕೊಳ್ಳಬಾರದು. ಚೆಂದದ ಮಾತು ಒಂದೂ ಇರಲಿಲ್ಲ. ಇದನ್ನು ಕೊಟ್ಟರೆ ಕಮಿಟಿಯಿಂದ ತೆಗೆಯುತ್ತಾರೆ ಎಂದು ಲೊರೇನ್ ಫೋನಿನಲ್ಲಿ ಹೇಳಿದಳು. ಕೊಡಬೇಡ ಎಂದು ಮಾತ್ರ ಹೇಳಲಿಲ್ಲ.

ಶುಕ್ರವಾರ ಬೆಳಿಗ್ಗೆ ಗೇಟಿನ ಡ್ಯೂಟಿ ಅವಳದೇ ಇತ್ತು. ಜುಲ್ಫಿಕರನ ವ್ಯಾನು ಬಂತು. ನಿದಾ ಇಳಿದಳು. ಅವನು ಸ್ಟಿಯರಿಂಗ್ ಮೇಲಿಂದ ಎರಡು ಬೆರಳು ಎತ್ತಿ ನಮಸ್ಕಾರ ಮಾಡಿದನೇ ಹೊರತು ಅರ್ಜಿಯ ಮಾತೆತ್ತಲಿಲ್ಲ. ಹಿಂದೆಯೇ ಹಳದಿ ಬಸ್ಸು ಬಂದು ಬಾಗಿಲು ತೆರೆಯಿತು. ಮಕ್ಕಳು ತಳ್ಳಾಡುತ್ತ ಇಳಿದರು. ಕಿಯಾನಾ ಇಳಿದಳು. ಕೊನೆಗೆ ಕಂಬಿ ಹಿಡಿದು ಮಿಸೆಸ್ ರೋಲಿನ್ಸ್ ಇಳಿದಳು, ನೀಲಿ ಸಮವಸ್ತ್ರ, ಇನ್ನೊಂದು ಕೈಯಲ್ಲಿ ಮಡಚದ ಫಾರಂ.

"ದೊಡ್ಡವರನ್ನ ಹತ್ತಿಸೋ ಹಾಗಿಲ್ಲ," ಎಂದ ಬಸ್ಸಿನ ಡ್ರೈವರು ದ್ರಾಕ್ಷಾಯಣಿಗೆ. "ನಾನಂತೂ ಯಾರನ್ನೂ ನೋಡಲಿಲ್ಲ."

ಆಫೀಸಿನಲ್ಲಿ ಕ್ಲರ್ಕ್ ಕುರ್ಚಿ ತೋರಿಸಿದಳು. ಮಿಸೆಸ್ ರೋಲಿನ್ಸ್ ಕೂರಲಿಲ್ಲ. ಪ್ರಿನ್ಸಿಪಾಲನ ಮುಚ್ಚಿದ ಬಾಗಿಲಿನ ಎದುರು ನಿಂತಳು. ಮೊದಲ ಗಂಟೆ ಹೊಡೆಯಿತು. ಕ್ಲಾಸಿಗೆ ಹೋಗಬೇಕಿದ್ದ ದ್ರಾಕ್ಷಾಯಣಿ ಬ್ಯಾಗಿನಿಂದ ತನ್ನ ಪುಟವನ್ನು ತೆಗೆದು ಅವಳ ಪಕ್ಕಕ್ಕೆ ಹೋಗಿ ನಿಂತಳು. ಹೊರಗೆ ಮಕ್ಕಳ ಸದ್ದು ಕಡಿಮೆಯಾಗುತ್ತ ಬಂತು. ಬಾಗಿಲಿನ ಮಬ್ಬು ಗಾಜಿನ ಆಚೆ ಯಾರೋ ದೀಪ ಹಾಕಿದರು.