ಕೊನೆಯವರೆಗೆ ಕೇಳದ ಹಾಡು

ಮನೆಯ ಗೋಡೆ ಎದ್ದದ್ದು ಅಕ್ಕನ ನಾಟಕದ ದುಡ್ಡಿನಿಂದ. ಚಾವಣಿ ಬಂದದ್ದು ಅವಳ ಮೊದಲ ರೆಕಾರ್ಡಿನಿಂದ. ತಮ್ಮನ ಬಟ್ಟೆ ಅಂಗಡಿ, ತಾಯಿಯ ಕಣ್ಣಿನ ಆಪರೇಷನ್ನು, ತಮ್ಮನ ಮಗಳ ಓದು, ಎಲ್ಲಕ್ಕೂ ಬೆಲೆ ತೆತ್ತದ್ದು ಅವಳ ಗಂಟಲೇ. ಆದರೂ ನೆಂಟರು ಬಂದಾಗಲೆಲ್ಲ ಅಕ್ಕ ಹಿಂದಿನ ಕೋಣೆಗೆ ಹೋಗಬೇಕು. ಬಣ್ಣ ಹಚ್ಚಿ ರಂಗದ ಮೇಲೆ ನಿಂತ ಹೆಂಗಸು ಶುಭಕಾರ್ಯದಲ್ಲಿ ಎದುರಿಗೆ ಬರಬಾರದಂತೆ. "ನನ್ನ ಹೊಟ್ಟೇಲೇ ಹುಟ್ಟಿದ್ರೇನು, ಪದ್ಧತಿ ಪದ್ಧತೀನೇ," ಎನ್ನುತ್ತಿದ್ದಳು ತಾಯಿ, ಮಗಳ ಅನ್ನವನ್ನೇ ಉಣ್ಣುತ್ತ. ಇಂಥ ಕೋಣೆ ಎಷ್ಟು ಮನೆಗಳಲ್ಲಿದೆಯೋ.

ತಮ್ಮನ ಮಗಳನ್ನು ನೋಡಲು ಗಂಡಿನವರು ಬಂದ ದಿನವೂ ಅಕ್ಕ ತಾನಾಗಿಯೇ ಎದ್ದು ಒಳಗೆ ಹೋದಳು. ತಮ್ಮ ಹೊರಗಿನಿಂದ ಚಿಲಕ ಹಾಕಿದ.

ಹುಡುಗನ ತಂದೆಗೆ ಸಂಗೀತದ ಹುಚ್ಚು. ಮೂಲೆಯಲ್ಲಿದ್ದ ಗ್ರಾಮಫೋನ್ ಕಂಡು, ತಾವೇ ಹೆಸರಿನ ಚೀಟಿ ಕಿತ್ತುಹೋಗಿದ್ದ ಒಂದು ರೆಕಾರ್ಡ್ ಆರಿಸಿ ಹಾಕಿಸಿದರು. ಕಣ್ಣು ಮುಚ್ಚಿ ತಲೆದೂಗಿದರು. ಇಂಥ ಗಂಟಲು ಕಲಿತು ಬರುವಂಥದ್ದಲ್ಲ, ದೇವರೇ ಕೊಡಬೇಕು ಎಂದರು.

ಆ ಕಾಲದ ರೆಕಾರ್ಡುಗಳಲ್ಲಿ ಹಾಡು ಮುಗಿದ ಮೇಲೆ ಹಾಡಿದವರು ತಮ್ಮ ಹೆಸರು ಹೇಳುವ ರೂಢಿಯಿತ್ತು. ಈ ಮನೆಯಲ್ಲಿ ಮಾತ್ರ ಹೆಸರು ಬರುವ ಮೊದಲೇ ಮುಳ್ಳನ್ನು ತಮ್ಮ ಎತ್ತಿಬಿಡುತ್ತಿದ್ದ. ಇಂದೂ ಕೈ ಚಾಚಿದ. ಮಗಳು ಆ ಕೈ ಹಿಡಿದುಕೊಂಡಳು.

"ಬಿಡಿ ಅಪ್ಪ, ಪೂರ್ತಿ ಕೇಳ್ಲಿ."

ಹೆಸರು ಕೇಳಿಸಿತು. ಬೀದಿಬೀದಿಯ ಪೋಸ್ಟರಿನಲ್ಲಿ ಎಲ್ಲರೂ ಓದಿದ್ದ ನಟಿಯ ಹೆಸರು.

"ನಮ್ಮ ಸೋದರತ್ತೆ," ಎಂದಳು ಹುಡುಗಿ. "ಒಳಗಿದ್ದಾರೆ. ಕರೀತೀನಿ."

ಹುಡುಗನ ತಂದೆ ಕಣ್ಣು ತೆರೆದರು. "ಹಾಡು ಕೇಳೋದು ಬೇರೆ ತಾಯಿ, ಬೀಗತನ ಬೇರೆ. ಮದುವೆ ದಿನಾನೂ ಅವರು ಒಳಗೇ ಇರೋದಾದ್ರೆ ನಮ್ಮದೇನೂ ಅಡ್ಡಿಯಿಲ್ಲ."

ಹುಡುಗಿಯ ಅಜ್ಜಿ, ಅಕ್ಕನ ಹೆತ್ತ ತಾಯಿ, ತಟ್ಟನೆ ಒಪ್ಪಿಕೊಂಡಳು. ಹುಡುಗ ತಿಂಡಿಯ ತಟ್ಟೆ ನೋಡುತ್ತ ಕೂತಿದ್ದ.

"ಅವರು ಇರಬಾರದ ಮದುವೇಲಿ ನಾನೂ ಇರಲ್ಲ," ಎಂದಳು ಹುಡುಗಿ.

ಗಂಡಿನವರು ಎದ್ದು ಹೋದರು. ಅಜ್ಜಿ ಮೊಮ್ಮಗಳಿಗೆ ಬೈಯುತ್ತಿರುವಾಗಲೇ ತಮ್ಮ ಹೋಗಿ ಚಿಲಕ ತೆಗೆದ. ಗೋಡೆಯಾಚೆಯಿಂದ ಎಲ್ಲವನ್ನೂ ಕೇಳಿಸಿಕೊಂಡಿದ್ದ ಅಕ್ಕ, "ನನ್ನಿಂದ ಮಗೂ ಮದುವೆ ಕೆಟ್ಟುಹೋಯ್ತಲ್ಲೋ," ಎಂದಳು.

"ಚಿಲಕ ಹಾಕಿದವನು ನಾನು ಅಕ್ಕಾ," ಎಂದಷ್ಟೇ ಹೇಳಿದ ತಮ್ಮ.

ಒಳ್ಳೆಯ ಸಂಬಂಧವೊಂದು ಕೈತಪ್ಪಿತು. ಬಹುಕಾಲ ಮತ್ತಾರೂ ಆ ಹುಡುಗಿಯನ್ನು ಕೇಳಿಕೊಂಡು ಬರಲಿಲ್ಲ. ಆದರೆ ಗಂಡಿನವರು ಎದ್ದು ಹೋದ ಆ ಸಂಜೆಯೇ ಅಕ್ಕ ನಡುಮನೆಯಲ್ಲಿ ತಮ್ಮನ, ಅವನ ಮಗಳ ಜೊತೆ ಕೂತು ಉಂಡಳು. ಹೆತ್ತ ತಾಯಿ ಬೇರೆಯಾಗಿ ಕೂತು ಉಂಡಳು.