ಗಾಳಿ ಸೋಕದಂತೆ

ಕಪಾಟಿನ ಬಟ್ಟೆಯನ್ನೆಲ್ಲ ನಾದಿನಿ ಮಂಚದ ಮೇಲೆ ಸುರಿದಳು. ಅಲ್ಲೂ ಅಮ್ಮನ ನೀಲಿ ಶಾಲು ಇರಲಿಲ್ಲ.

"ನಾನು ಕೈಯಾರೆ ಹೆಣೆದಿದ್ದು ಅತ್ತಿಗೆ. ಅದನ್ನ ಹೊದಿಸದೆ ಅಮ್ಮನ್ನ ಕಳಿಸಲ್ಲ."

ಶಾಲು ಎಲ್ಲಿದೆಯೆಂದು ಸೊಸೆಗೆ ಗೊತ್ತಿತ್ತು. ಹೇಳಿದರೆ, ಅಮ್ಮನಿಗೆ ನನಗಿಂತ ರಿಪೇರಿಗೆ ಬಂದ ಮೋಟಾರೇ ಹೆಚ್ಚಾಯಿತೆ ಎಂದು ಈ ಹುಡುಗಿ ಬದುಕಿಡೀ ಕೊರಗಿದರೆ?

ನಡುಮನೆಯಲ್ಲಿ ತೀರಿಕೊಂಡ ಅತ್ತೆಯನ್ನು ಮಲಗಿಸಿದ್ದರು. ನೀರು ಕುಡಿದ ಮೋಟಾರಿನ ಹೊಟ್ಟೆಯೊಳಗೆ ಬಲ್ಬು ಉರಿಸಿಟ್ಟು ಒಣಗಿಸುತ್ತಿದ್ದ ಅವರು ಊರಿಗೆಲ್ಲ ಬಲ್ಬಮ್ಮ. ಬಂದವರು ಮೆಲುದನಿಯಲ್ಲಿ ಅವರ ಮಾತನ್ನೇ ಆಡುತ್ತಿದ್ದರು. ಪಂಪ್‌ಹೌಸಿನ ಮುದುಕ ಕಾವಲುಗಾರ ಕಣ್ಣೊರೆಸಿಕೊಂಡು, "ನಮ್ಮ ಮೋಟಾರು ಕೇಳೋಕೆ ಹೋದ್ರೆ, ಅದು ಬಾಣಂತಿ ಕಣಯ್ಯ, ಗಾಳಿ ಸೋಕಿಸಬೇಡ ಅಂತ ಬೈದು ಕಳಿಸಿದ್ರು" ಎಂದ. ಅಳುತ್ತಿದ್ದವರೂ ನಕ್ಕುಬಿಟ್ಟರು.

* * *

ಹೊಳೆ ಉಕ್ಕಿ ಪಂಪ್‌ಹೌಸು ಮುಳುಗಿದಾಗ ಬಂದಿದ್ದ ಮೋಟಾರು ಅದು. ಅತ್ತೆ ಕೆಸರು ತೊಳೆದು, ತುಕ್ಕು ಉಜ್ಜಿ, ಒಣಗಿದ ತಂತಿಯ ಸುರುಳಿಗೆ ವಾರ್ನಿಶ್ ಕುಡಿಸಿ, ಮತ್ತೆ ನಡುವೆ ಬಲ್ಬು ಇಳಿಬಿಟ್ಟಿದ್ದರು. ಥಂಡಿ ಗಾಳಿ ನುಗ್ಗೀತೆಂದು ಮೇಲೆ ತಮ್ಮ ಶಾಲನ್ನೇ ಹೊದಿಸಿದ್ದರು.

"ನಿಮಗೇ ಇಷ್ಟು ಕೆಮ್ಮು. ಅದಕ್ಯಾಕೆ ಅತ್ತೆ ಶಾಲು?" ಎಂದು ಸೊಸೆ ಸಿಡುಕಿದ್ದಳು.

"ನಂಗೆ ಚಳಿಯಾದ್ರೆ ಕೇಳೋಕೆ ಬಾಯಿದೆ. ಇದಕ್ಕಿಲ್ವಲ್ಲ. ತಣ್ಣಗಾದ್ರೆ ಒಳಗೊಳಗೇ ಬೆವರುತ್ತೆ. ಸರಿಯಾಗಿದೆ ಅಂತ ಸ್ವಿಚ್ ಒತ್ತಿದ ದಿನ ಸುಟ್ಟುಹೋಗುತ್ತೆ."

ಹಾಗೆಂದು, ಮಗುವಿನ ಜ್ವರ ನೋಡುವವರ ಹಾಗೆ ಕಬ್ಬಿಣದ ಮೈಗೆ ಅಂಗೈ ಒತ್ತಿದ್ದರು.

* * *

ಸೊಸೆ ಹಿತ್ತಲ ಬಾಗಿಲಿನಿಂದ ಅತ್ತೆಯ ರಿಪೇರಿ ಅಂಗಡಿಗೆ ನಡೆದಳು. ಬೆಳಿಗ್ಗೆ ಷಟರ್ ಎಳೆಯುವಾಗ ಗಂಡ ಮೇನ್ ಸ್ವಿಚ್ಚನ್ನೂ ಆರಿಸಿದ್ದರೆ ಎಂಬ ಭಯ ಆಗಿನಿಂದಲೂ ಅವಳನ್ನು ಕೊರೆಯುತ್ತಿತ್ತು. ಆರಿಸಿರಲಿಲ್ಲ. ಕತ್ತಲಲ್ಲಿ ಶಾಲಿನ ಹೆಣಿಗೆಯ ಕಿಂಡಿಗಳಿಂದ ಬೆಳಕು ಸೂಸುತ್ತಿತ್ತು. ಅವಳು ತನ್ನ ಹೆಗಲ ಮೇಲಿದ್ದ ಉಣ್ಣೆಯ ಶಾಲನ್ನು ಮೋಟಾರಿಗೆ ಹೊದಿಸಿ, ನೀಲಿಯದನ್ನು ಮಡಚದೆ ಹಾಗೇ ಎದೆಗವಚಿಕೊಂಡು ಓಡಿದಳು.

ದಾರಿಯುದ್ದಕ್ಕೂ ಒಂದು ಸುಳ್ಳು ಹುಡುಕಿದಳು. ಯಾವುದೂ ಒದಗಲಿಲ್ಲ.

"ಪಂಪ್‌ಹೌಸಿನ ಮೋಟಾರಿಗೆ ಹೊದಿಸಿದ್ರು" ಎಂದಳು, ತಲೆ ತಗ್ಗಿಸಿ.

ನಾದಿನಿ ಶಾಲಿಗೆ ಮೂಗು ಹಚ್ಚಿದಳು. ವಾರ್ನಿಶ್ಶಿನ ಘಾಟು. ಚಿಕ್ಕಂದಿನಲ್ಲಿ ಅವಳನ್ನು ಎತ್ತಿಕೊಳ್ಳುತ್ತಿದ್ದ ತೋಳಿಗೂ ಇದೇ ವಾಸನೆಯಿತ್ತು. ಅಮ್ಮನ ಕೊರಳಿನವರೆಗೂ ಅದನ್ನು ಹರಡಿದಳು. ಹರಡಿದ ಕೈ ಅಲ್ಲೇ ನಿಂತಿತು.

"ಅತ್ತಿಗೆ, ಮುಟ್ಟಿ ನೋಡು. ಇನ್ನೂ ಬೆಚ್ಚಗಿದೆ."

ಸೊಸೆ ಅಂಗೈ ಒತ್ತಿ ನೋಡಿದಳು. ಆಮೇಲೆ ಇಬ್ಬರೂ ಆಚೆ ಈಚೆ ಕೂತು, ಎಲ್ಲೂ ಗಾಳಿ ಸೋಕದಂತೆ, ಶಾಲಿನ ಅಂಚನ್ನು ಒಳಗೆ ಸಿಕ್ಕಿಸತೊಡಗಿದರು.